"ಹೌದಾ ಅತ್ತೆ? ಆಮೇಲೆ?" - ಮರೆವಿನ ಕಾಯಿಲೆಗೆ ಆಶುನಾಟಕದ ಪಾಠ



ಸಂಜೆ ಐದು ಗಂಟೆ ಎಂದರೆ ನನಗೆ ಭಯವಾಗುತ್ತಿದ್ದ ಕಾಲವೊಂದಿತ್ತು. ಚಳಿಗಾಲದಲ್ಲಿ ನಮ್ಮ ಶಿಕಾಗೊದಲ್ಲಿ ಅಷ್ಟು ಹೊತ್ತಿಗೆಲ್ಲ ಕತ್ತಲು. ತೀರ್ಥಹಳ್ಳಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಕಿಟಕಿಯ ಹತ್ತಿರ ನಿಂತು, "ನಿನ್ನ ಮಾವ ಇನ್ನೂ ಬಂದಿಲ್ವಲ್ಲೇ, ತೋಟಕ್ಕೆ ಹೋದವರು" ಎನ್ನುತ್ತಿದ್ದರು. ಮೊದಲ ಸಲ ನಾನು, "ಅತ್ತೆ, ಮಾವ ತೀರಿಕೊಂಡು ಹನ್ನೊಂದು ವರ್ಷ ಆಯ್ತಲ್ಲ" ಎಂದುಬಿಟ್ಟೆ. ಅವರಿಗೆ ಅದು ಹೊಸ ಸುದ್ದಿ! ಆಗ ತಾನೇ ಗಂಡನನ್ನು ಕಳೆದುಕೊಂಡವರ ಹಾಗೆ ಅತ್ತರು. ಅರ್ಧ ಗಂಟೆಯಲ್ಲಿ ನಾನು ಹೇಳಿದ ಮಾತು ಮರೆತುಹೋಯಿತು, ಅಳು ಮಾತ್ರ ನಿಲ್ಲಲಿಲ್ಲ. ಯಾಕೆ ಅಳುತ್ತಿದ್ದೀರಿ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಬೆಳೆದವಳು ನಾನು. ಅದೇ ತಪ್ಪನ್ನು ಆ ತಿಂಗಳಲ್ಲಿ ಇನ್ನೂ ಎರಡು ಸಲ ಮಾಡಿದೆ.

ಹೀಗೇಕೆ ಆಗುತ್ತದೆ ಎನ್ನುವುದಕ್ಕೆ ಉತ್ತರ ಆಮೇಲೆ ಸಿಕ್ಕಿತು. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಝೈಮರ್ ಕಾಯಿಲೆಯ 17 ಜನರಿಗೆ ದುಃಖದ ಮತ್ತು ನಗುವಿನ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ನೋಡಿದ್ದೆಲ್ಲ ಬಹುಮಟ್ಟಿಗೆ ಮರೆತುಹೋಗಿತ್ತು. ಆದರೆ ದುಃಖವಾಗಲಿ ಸಂತೋಷವಾಗಲಿ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಇದು 2014ರಲ್ಲಿ ಪ್ರಕಟವಾದ ಅಧ್ಯಯನ. ಅಂದರೆ ನಾವು ತಿದ್ದಿ ಹೇಳಿದ ಸತ್ಯ ಅವರ ಬಳಿ ಉಳಿಯುವುದಿಲ್ಲ, ತಿದ್ದಿದ ನೋವು ಉಳಿಯುತ್ತದೆ.

ಸ್ನೇಹಿತೆಯೊಬ್ಬರು ಆಗ ಕೊಟ್ಟ ಸಲಹೆ ವಿಚಿತ್ರವಾಗಿತ್ತು: "ಇಂಪ್ರಾವ್ ಕಲಿತುಕೊಳ್ಳಿ."

ಇಂಪ್ರಾವ್ ಅಂದರೆ ಬರೆದಿಟ್ಟ ಮಾತಿಲ್ಲದೆ, ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಆಡುವ ನಾಟಕ, ಆಶುನಾಟಕ ಎನ್ನೋಣ. ಅಮೆರಿಕದಲ್ಲಿ ಇದು ಬೆಳೆದದ್ದು ನಮ್ಮ ಊರಿನಲ್ಲೇ. ವಯೋಲಾ ಸ್ಪೋಲಿನ್ ಎಂಬಾಕೆ 1930ರ ದಶಕದ ಕೊನೆಯಲ್ಲಿ ಶಿಕಾಗೊದ ವಲಸಿಗರ ಮಕ್ಕಳಿಗೆ ನಾಟಕ ಕಲಿಸುವಾಗ, ಭಾಷೆ ಅಡ್ಡ ಬಾರದಂತೆ ಕಟ್ಟಿದ ಆಟಗಳು ಇದಕ್ಕೆ ತಳಹದಿ. ಆಕೆಯ ಪುಸ್ತಕ 1963ರಲ್ಲಿ ಬಂತು. ಅದಕ್ಕೂ ಮೊದಲೇ, 1959ರಲ್ಲಿ, ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರೊಂದಿಗೆ ಸೇರಿ 'ಸೆಕೆಂಡ್ ಸಿಟಿ' ತಂಡ ಶುರು ಮಾಡಿದ್ದರು.

ನಮ್ಮವರಿಗೆ ಇದು ತೀರಾ ಹೊಸದಲ್ಲ. ತಾಳಮದ್ದಳೆ ನೋಡಿದವರಿಗೆ ಗೊತ್ತು, ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥಧಾರಿಯ ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಎದುರಿನವರು ಏನು ಹೇಳುತ್ತಾರೆಂದು ತಿಳಿಯದೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾತ್ರಿಯಿಡೀ ಮಾತಾಡುತ್ತಿದ್ದರು. ಆದರೆ ಒಂದು ವ್ಯತ್ಯಾಸವಿದೆ. ತಾಳಮದ್ದಳೆಯಲ್ಲಿ ಎದುರಿನವರ ವಾದ ಖಂಡಿಸಿದರೆ ಚಪ್ಪಾಳೆ. ಇಂಪ್ರಾವ್‌ನಲ್ಲಿ ಖಂಡಿಸಿದರೆ ಆಟ ಅಲ್ಲಿಗೇ ಮುಗಿಯಿತು. ಎದುರಿನ ನಟ "ಎಂಥ ಮಳೆ ಮಾರಾಯ್ರೇ" ಎಂದರೆ "ಮಳೆ ಎಲ್ಲಿದೆ?" ಎನ್ನುವ ಹಾಗಿಲ್ಲ. ಒಪ್ಪಿಕೊಂಡು, ಮೇಲೊಂದು ಮಾತು ಸೇರಿಸಬೇಕು: "ಹೌದು, ಕೊಡೆಯೂ ಹಾರಿಹೋಯ್ತು!" ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಡುತ್ತಿದ್ದೆವಲ್ಲ, ಅದು ಇದರ ಅರ್ಧ ಭಾಗ. ಸೇರಿಸುವುದು ಇನ್ನರ್ಧ. ಹೂಂಗುಟ್ಟಿ ಸುಮ್ಮನಾದರೆ ಅದು ಬರೀ ಹೌದಪ್ಪನ ಕೆಲಸ.

ಮರೆವಿನ ಕಾಯಿಲೆಯವರ ಆರೈಕೆಗೆ ಈ ನಿಯಮವನ್ನು ತಂದವರಲ್ಲಿ ಕ್ಯಾರನ್ ಸ್ಟೋಬಿ ಮತ್ತು ಮಾಂಡಿ ಕಾರ್ಟರ್ ದಂಪತಿ ಮುಖ್ಯರು. ಇಬ್ಬರೂ ಇಂಪ್ರಾವ್ ನಟರು, ಕ್ಯಾರನ್ ಅವರ ತಾಯಿಗೆ ಅಲ್ಝೈಮರ್. ಆ ತಾಯಿ ಒಮ್ಮೆ ಮಂಗಗಳ ಮಾತು ತೆಗೆದಾಗ ಅಳಿಯ "ಇಲ್ಲೆಲ್ಲಿಯ ಮಂಗ?" ಎನ್ನದೆ ಆ ಮಾತನ್ನೇ ಮುಂದುವರಿಸಿದರಂತೆ. 2015ರಲ್ಲಿ ಟೆಡ್‌ಮೆಡ್ ವೇದಿಕೆಯಲ್ಲಿ ಇವರು ಮಾತಾಡಿದ್ದಾರೆ, ಬಿಡುವಾದಾಗ ನೋಡಿ. ನಮ್ಮ ಶಿಕಾಗೊದಲ್ಲೇ 2010ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲುಕಿಂಗ್‌ಗ್ಲಾಸ್ ನಾಟಕ ತಂಡ ಸೇರಿ 'ಮೆಮೊರಿ ಎನ್ಸೆಂಬಲ್' ಆರಂಭಿಸಿದವು. ಅಲ್ಲಿ ಆಡಿದವರು ಕಾಯಿಲೆಯ ಮೊದಲ ಹಂತದಲ್ಲಿದ್ದವರೇ. ನೆನಪು ಬೇಡದ, ಸರಿ-ತಪ್ಪಿಲ್ಲದ ಆಟ ಅಲ್ಲವೇ!

ಆರೈಕೆ ಮಾಡುವವರ ಮನಸ್ಸಿಗೂ ಇದರಿಂದ ಪ್ರಯೋಜನವಿದೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೇವಲ 20 ನಿಮಿಷ ಇಂಪ್ರಾವ್ ಆಡಿದವರಿಗೆ ಮುಂದೇನೋ ಎಂಬ ಅನಿಶ್ಚಿತತೆಯನ್ನು ಸಹಿಸುವ ಶಕ್ತಿ ಹೆಚ್ಚಿದ್ದು ಕಂಡುಬಂತು. ಅವರು ಪರೀಕ್ಷಿಸಿದ್ದು ಆರೈಕೆ ಮಾಡುವವರನ್ನಲ್ಲ, ನಿಜ. ಆದರೂ ದಿನಕ್ಕೆ ಇಪ್ಪತ್ತು ಸಲ ಅದೇ ಪ್ರಶ್ನೆಗೆ ಉತ್ತರಿಸುವವರಿಗೆ ಇಂಥ ಶಕ್ತಿಯ ಬೆಲೆ ಗೊತ್ತು.

ನಮ್ಮ ಮನೆಗೆ ವಾಪಸ್ ಬರುತ್ತೇನೆ. ಮುಂದಿನ ಸಲ ಅತ್ತೆ ಕಿಟಕಿಯ ಹತ್ತಿರ ನಿಂತಾಗ ನಾನೂ ಹೋಗಿ ನಿಂತೆ. "ತೋಟಕ್ಕಾ ಅತ್ತೆ? ಈ ಸಲ ಅಡಿಕೆ ಹೇಗಿದೆ?" ಅಷ್ಟೇ ಕೇಳಿದ್ದು. ಕೊಳೆ ರೋಗ, ಔಷಧಿ ಹೊಡೆಯುವ ಆಳು ಕೈಕೊಟ್ಟದ್ದು, ಸುಲಿಯುವ ರಾತ್ರಿಗಳಲ್ಲಿ ಎಲ್ಲರಿಗೂ ಕಾಫಿ ಕಾಯಿಸಿದ್ದು, ಎಲ್ಲ ಬಂತು. "ಮಾವ ಈಗ ಬರ್ತಾರೆ" ಎಂದು ನಾನು ಹೇಳಲಿಲ್ಲ, ಗಮನಿಸಿ. ಸುಳ್ಳು ಭರವಸೆ ಕೊಟ್ಟರೆ ಅವರು ಬಾಗಿಲಲ್ಲೇ ಕಾಯುತ್ತಾರೆ. ಅವರು ಕಾಯುತ್ತಿದ್ದುದು ಮಾವನನ್ನು, ಆದರೆ ಬೇಕಾಗಿದ್ದುದು ಆ ಮನೆಯ ಮಾತು. ಒಂದು ದಿನ ಮಾತ್ರ ನನ್ನನ್ನೇ ದಿಟ್ಟಿಸಿ, "ಅವರು ಹೋಗ್ಬಿಟ್ರು, ಅಲ್ವೇನೇ?" ಎಂದರು. ಆಗ ನಾಟಕ ಮಾಡಲಿಲ್ಲ. "ಹೌದು ಅತ್ತೆ" ಎಂದು ಕೈ ಹಿಡಿದು ಕೂತೆ.

ಇದರಲ್ಲಿ ಎಲ್ಲರಿಗಿಂತ ಜಾಣೆ ನನ್ನ ಮಗಳು. ಅಜ್ಜಿ ಅವಳನ್ನು ತಮ್ಮ ತಂಗಿಯೆಂದು ಕರೆದರೆ, "ಹೂಂ ಅಕ್ಕ, ಜಡೆ ಹಾಕು" ಎಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅಜ್ಜಿಗೆ ಕಲಿತಿದ್ದ ಅಷ್ಟಿಷ್ಟು ಇಂಗ್ಲಿಷ್ ಮೊದಲು ಹೋಯಿತು, ಕನ್ನಡ ಉಳಿಯಿತು. ಹಾಗಾಗಿ ಇವಳೂ ಕನ್ನಡ ಕಲಿಯಲೇಬೇಕಾಯಿತು. ಕನ್ನಡ ಕ್ಲಾಸಿನ ಮೇಷ್ಟ್ರಿಂದ ಆಗದ ಕೆಲಸ!

ಕೆಲವು ಎಚ್ಚರಿಕೆಗಳು ಬೇಕು. ಆಶುನಾಟಕ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ನಿಧಾನವಾಗಿಸುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಒಲೆ, ಕಾರಿನ ಕೀ, ಮಾತ್ರೆಗಳ ವಿಷಯದಲ್ಲಿ ಮಾತು ಒಪ್ಪಬಹುದು, ಕೀ ಕೊಡಬಾರದು. ಗೊಂದಲ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಹೆಚ್ಚಾದರೆ ನಾಟಕ ಬಿಟ್ಟು ಕೂಡಲೇ ಡಾಕ್ಟರಿಗೆ ತೋರಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕೂ ಹಾಗೆ ಮಾಡುತ್ತದೆ. ಪ್ರಶ್ನೆ ಕೇಳುವಾಗ "ನೆನಪಿದೆಯಾ?" ಎಂದು ಶುರು ಮಾಡಬೇಡಿ. ಅವರಿಗೆ ಅದು ಪರೀಕ್ಷೆ ಬರೆದ ಹಾಗೆ. ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಹಿರಿಯರನ್ನು "ನಾನು ಯಾರು ಹೇಳಿ ನೋಡೋಣ?" ಎಂದು ಕೇಳುವ ಅಭ್ಯಾಸ ನಮಗೆಲ್ಲ ಇದೆ, ನನಗೂ ಇತ್ತು. ಹೆಸರು ನಾವೇ ಹೇಳಿ ಪಕ್ಕದಲ್ಲಿ ಕೂತರಾಯಿತು.

ಅಮೆರಿಕದಲ್ಲಿರುವವರು ಅಲ್ಝೈಮರ್ಸ್ ಅಸೋಸಿಯೇಷನ್ನಿನ ಸಹಾಯವಾಣಿ 1-800-272-3900ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು, ದುಭಾಷಿಗಳ ಸೌಲಭ್ಯವೂ ಇದೆ. ಅಪ್ಪ ಅಮ್ಮ ಊರಲ್ಲೇ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ಗಳಲ್ಲಿ ವಿಚಾರಿಸಿ. ಫೋನಿನಲ್ಲಿ ಅಮ್ಮ ಅದೇ ಮಾತನ್ನು ನಾಲ್ಕನೇ ಸಲ ಹೇಳಿದಾಗ, ಮೊದಲ ಸಲ ಕೇಳಿದವರಂತೆ "ಹೌದಾ? ಆಮೇಲೆ?" ಎಂದು ನೋಡಿ. ಏನಾಯಿತೆಂದು ನಮಗೂ ಬರೆಯಿರಿ.