ಕೊಬ್ಬರಿ ಸೀಮೆಯ ಮತ ಮತ್ತು ಅದರ ಎಣಿಕೆ

ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಅದರ ನೀರು ತಾನಾಗಿ ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಒಳಗೆ ಸದ್ದುಮಾಡುವವರೆಗೆ ತಿಂಗಳುಗಟ್ಟಲೆ ಕಾಯುವ ಸಹನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನಿಗೆ ಹುಟ್ಟಿನೊಡನೆ ಬಂದದ್ದು. ಕೊಬ್ಬರಿಯ ತೂಕದಲ್ಲಿ ಅರ್ಧ ಸೇರು ವ್ಯತ್ಯಾಸವಾದರೂ ಸಹಿಸದ ಈ ರೈತನು, ಐದು ವರ್ಷಕ್ಕೊಮ್ಮೆ ತಾನು ಹಾಕುವ ಮತವು ಎಣಿಕೆಯಲ್ಲಿ ಎಷ್ಟು ತೂಗುತ್ತದೆಂಬುದನ್ನು ವಿಚಾರಿಸದೆ ಬಿಟ್ಟಿರುವನೆಂಬುದೇ ನನ್ನ ಚಿಂತೆ.

ನೆರೆಹೊರೆಯವಾದರೂ ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸ್ವಭಾವ ಒಂದೇ ಅಲ್ಲ. ತಿಪಟೂರಿಗೆ ರೈಲುದಾರಿಯುಂಟು, ಹೆದ್ದಾರಿಯುಂಟು, ದೇಶಕ್ಕೆಲ್ಲ ಹೆಸರಾದ ಕೊಬ್ಬರಿ ಮಾರುಕಟ್ಟೆಯುಂಟು. ತೀ.ನಂ. ಶ್ರೀಕಂಠಯ್ಯನವರನ್ನು ನಾಡಿಗೆ ಕೊಟ್ಟ ತೀರ್ಥಪುರವಿರುವ ಚಿಕ್ಕನಾಯಕನಹಳ್ಳಿ ಸೀಮೆಯಾದರೋ ಅದಕ್ಕಿಂತ ಒಣನೆಲ. ಕಬ್ಬಿಣ, ಮ್ಯಾಂಗನೀಸುಗಳ ಗಣಿಗಾರಿಕೆಯಿಂದ ಗಾಯಗೊಂಡ ಗುಡ್ಡಗಳು ಅಲ್ಲಿವೆ, ಬೋರನಕಣಿವೆಯ ಜಲಾಶಯ ತುಂಬೀತೇ ಎಂಬ ಪ್ರಶ್ನೆ ಅಲ್ಲಿ ಮಳೆಗಾಲದ ನಿತ್ಯದ ಮಾತು. ಆದರೂ 2023ರಲ್ಲಿ ಉಂಡೆ ಕೊಬ್ಬರಿಯ ಬೆಲೆಯು ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದಾಗ ನೊಂದವರು ಎರಡು ಕಡೆಯವರೂ ಹೌದು.

ಇನ್ನು ವಿಧಾನಸಭಾ ಚುನಾವಣೆಯ ಲೆಕ್ಕವನ್ನು ನೋಡೋಣ. 2018ರಲ್ಲಿ ಈ ಮೂರು ಕ್ಷೇತ್ರಗಳನ್ನೂ ಭಾರತೀಯ ಜನತಾ ಪಕ್ಷವೇ ಗೆದ್ದಿತು. ತುರುವೇಕೆರೆಯಲ್ಲಿ ಗೆಲುವಿನ ಅಂತರ ಕೇವಲ 2 ಸಾವಿರದಷ್ಟು. 2023ರಲ್ಲಿ ಅದೇ ಪಕ್ಷಕ್ಕೆ ಮೂರರಲ್ಲಿ ಒಂದೂ ದಕ್ಕಲಿಲ್ಲ. ಸಚಿವರಾಗಿದ್ದ ತಿಪಟೂರಿನ ಬಿ.ಸಿ. ನಾಗೇಶ್, ಚಿಕ್ಕನಾಯಕನಹಳ್ಳಿಯ ಜೆ.ಸಿ. ಮಾಧುಸ್ವಾಮಿ ಇಬ್ಬರೂ ಸೋತರು. ಮೂರೂ ಕ್ಷೇತ್ರಗಳಲ್ಲಿ ಕೂಡಿ ಆ ಪಕ್ಷಕ್ಕೆ ಬಿದ್ದ ಮತಗಳು ಸುಮಾರು 1 ಲಕ್ಷ 63 ಸಾವಿರ, ದೊರೆತ ಸ್ಥಾನ ಸೊನ್ನೆ. ಜಾತ್ಯತೀತ ಜನತಾದಳಕ್ಕೆ ಬಿದ್ದವು ಸುಮಾರು 1 ಲಕ್ಷ 65 ಸಾವಿರ, ದೊರೆತ ಸ್ಥಾನ ಎರಡು. ನಾನು ಇಲ್ಲಿ ಯಾವ ಪಕ್ಷದ ವಕಾಲತ್ತನ್ನೂ ವಹಿಸುತ್ತಿಲ್ಲ, ಈ ಅನ್ಯಾಯ ಮುಂದಿನ ಸಲ ಬೇರೊಬ್ಬರಿಗೆ ತಗಲೀತು. ಅನ್ಯಾಯವು ಪಕ್ಷಕ್ಕಿಂತ ಮೊದಲು ಮತದಾರನಿಗೆ ಆದದ್ದು.

ಆದರೆ ತಿಪಟೂರು, ಚಿಕ್ಕನಾಯಕನಹಳ್ಳಿಗಳ ರೋಗ ಒಂದೇ ಅಲ್ಲವಾದಕಾರಣ ಮದ್ದೂ ಒಂದೇ ಆಗಲಾರದು. ಚಿಕ್ಕನಾಯಕನಹಳ್ಳಿಯಲ್ಲಿ ಕಾದಾಟ ಮೂವರದು: 2023ರಲ್ಲಿ ಗೆದ್ದ ಸಿ.ಬಿ. ಸುರೇಶ್‌ಬಾಬು ಅವರಿಗೆ 71 ಸಾವಿರ, ಎರಡನೆಯವರಿಗೆ 61 ಸಾವಿರದಷ್ಟು, ಮೂರನೆಯವರಿಗೆ 51 ಸಾವಿರದಷ್ಟು ಮತಗಳು. ಹತ್ತು ಮಂದಿಯಲ್ಲಿ ಆರು ಮಂದಿ ಬೇರೆಯವರನ್ನು ಬಯಸಿದ್ದರು. ಆ ಆರು ಮಂದಿಯ ಎರಡನೆಯ ಇಷ್ಟ ಯಾರೆಂದು ಕೇಳುವ ಕ್ರಮವೇ ನಮ್ಮಲ್ಲಿಲ್ಲ. ಇಲ್ಲಿಗೆ ತಕ್ಕ ಉಪಾಯ ಪ್ರಾಶಸ್ತ್ಯದ ಮತ. ಮತದಾರನು 1, 2, 3 ಎಂದು ಕ್ರಮಾಂಕ ಬರೆಯುವನು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕಡೆಯವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೆಯ ಇಷ್ಟದಂತೆ ಹಂಚುವರು. ಆಗ ಅಭ್ಯರ್ಥಿಯು ತನ್ನ ಸಮುದಾಯದ ಬೀದಿಯಾಚೆಗೂ ಹೋಗಿ, ಮತ್ತೊಬ್ಬನ ಬೆಂಬಲಿಗನ ಜಗುಲಿಯಲ್ಲಿ ಕುಳಿತು ಎರಡನೆಯ ಮತವನ್ನಾದರೂ ಬೇಡಬೇಕಾಗುತ್ತದೆ. ಈ ಪದ್ಧತಿ ನಮಗೆ ಹೊಸತೂ ಅಲ್ಲ. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ಹುಳಿಯಾರಿನ ಪ್ರೌಢಶಾಲೆಯ ಉಪಾಧ್ಯಾಯರು ನೇರಳೆ ಬಣ್ಣದ ಲೇಖನಿಯಿಂದ ಹೀಗೆಯೇ ಅಂಕಿ ಬರೆಯುತ್ತಾರೆ. ಉಪಾಧ್ಯಾಯನಾದ ಮಗನಿಗೆ ಉಂಟಾದ ಹಕ್ಕು ತೋಟದಲ್ಲಿ ದುಡಿಯುವ ತಂದೆಗೆ ಏಕಿರಬಾರದು?

ತಿಪಟೂರಿನಲ್ಲಿ ಗೆದ್ದ ಕೆ. ಷಡಕ್ಷರಿಯವರಿಗೆ ಬಂದ ಸುಮಾರು 72 ಸಾವಿರ ಮತಗಳು ಅರ್ಧದ ಹತ್ತಿರಕ್ಕೆ ಬಂದುವಾದುದರಿಂದ ಅಂಕಿ ಬರೆದರೂ ಫಲ ಬಹುಶಃ ಬದಲಾಗುತ್ತಿರಲಿಲ್ಲ. ಅಲ್ಲಿ ಸೋತವರ ಪಾಲಿಗೆ ಬೇಕಾದದ್ದು ಬೇರೆ: ಮೂರು ತಾಲ್ಲೂಕುಗಳನ್ನೂ ಒಂದೇ ಕ್ಷೇತ್ರವಾಗಿಸಿ, ಅಂಕಿ ಬರೆಯುವ ಅದೇ ಕ್ರಮದಲ್ಲಿ ಮೂವರನ್ನು ಆರಿಸುವುದು. ಆಗ ಒಟ್ಟು ಮತದ ನಾಲ್ಕನೆಯ ಒಂದು ಭಾಗವನ್ನು ದಾಟಿದವನಿಗೆ ಸ್ಥಾನ ಖಚಿತ. ಕೊಬ್ಬರಿಯ ಬೆಲೆಯ ಮಾತು ಬಂದಾಗ ಇಡೀ ಸೀಮೆಗೆ ಮೂರು ದನಿಗಳು ಸದನದಲ್ಲಿರುತ್ತವೆ. ಶಾಸಕನು ದೂರವಾಗುವನೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದೇ ಕ್ಷೇತ್ರದಿಂದ ಇಬ್ಬರನ್ನು ಆರಿಸುವ ಪದ್ಧತಿ 1961ರವರೆಗೆ ನಮ್ಮ ದೇಶದಲ್ಲಿಯೂ ಇತ್ತು.

1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಈ ಬಗೆಯ ಸುಧಾರಣೆಯ ಪ್ರಸ್ತಾಪ ಬಂದಾಗ, ಜನರಲ್ಲಿ ಅಕ್ಷರಜ್ಞಾನ ಸಾಲದೆಂದೂ ಸರ್ಕಾರ ಸ್ಥಿರವಾಗಿರಲಾರದೆಂದೂ ಅಂಬೇಡ್ಕರ್ ಅವರು ವಿರೋಧಿಸಿದರು. ಮೊದಲನೆಯ ಕಾರಣಕ್ಕೆ ಇಂದಿನ ಉತ್ತರ ನಮ್ಮ ಶಾಲೆಗಳು. ಎರಡನೆಯದು ಇನ್ನೂ ಚರ್ಚೆಗೆ ಯೋಗ್ಯವಾದದ್ದು. ರೈತರೇ ಇಂಥ ಸುಧಾರಣೆಯನ್ನು ಬಯಸಿದ ಉದಾಹರಣೆಯೂ ಉಂಟು: ಆಸ್ಟ್ರೇಲಿಯದ ಸ್ವಾನ್ ಕ್ಷೇತ್ರದ 1918ರ ಉಪಚುನಾವಣೆಯಲ್ಲಿ ರೈತ ಸಂಘದ ಅಭ್ಯರ್ಥಿಯೂ ಮತ್ತೊಬ್ಬ ಸಂಪ್ರದಾಯವಾದಿಯೂ ಮತಗಳನ್ನು ಹಂಚಿಕೊಂಡದ್ದರಿಂದ, ಮೂರನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು ಮತ ಪಡೆದ ಇಪ್ಪತ್ತೆರಡರ ತರುಣನೊಬ್ಬ ಗೆದ್ದನು. ಅದೇ ವರ್ಷ ಆ ದೇಶವು ಅಂಕಿ ಬರೆಯುವ ಪದ್ಧತಿಯನ್ನು ಕಾನೂನಾಗಿಸಿತು. ಆ ಬದಲಾವಣೆಗೆ ಒತ್ತಾಯಿಸಿದವರಲ್ಲಿ ರೈತರು ಮುಂದಿದ್ದರು.

ವಿಧಾನಸಭೆಯ ಚುನಾವಣಾ ಕ್ರಮವನ್ನು ಬದಲಿಸಲು ಸಂಸತ್ತೇ ಬೇಕು. ಪಂಚಾಯಿತಿಗಳ ಮಾತು ಹಾಗಲ್ಲ, ಅದು ರಾಜ್ಯದ ಕೈಯಲ್ಲಿದೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋಯಿತು. ಮುಂದೆ ಮತ ಕೇಳಲು ನಿಮ್ಮ ತೋಟದ ಬದುವಿಗೆ ಬರುವವರನ್ನು ಕೊಬ್ಬರಿಯ ಬೆಲೆಯ ಜೊತೆಗೆ ಇದನ್ನೂ ಕೇಳಿ: ನಮ್ಮ ತಾಲ್ಲೂಕು ಪಂಚಾಯಿತಿಯ ಮತಪತ್ರದಲ್ಲಿ 1, 2, 3 ಎಂದು ಬರೆಯಲು ನಮಗೆ ಎಂದು ಬಿಡುವಿರಿ?