ಚಾಲಗೇಣಿಯ ಕಂಪ್ಯೂಟರು

ಪಣಂಬೂರಿನ ಬಂದರಿಗೆ ಬರುವ ಹಡಗು ಎಷ್ಟೇ ದೊಡ್ಡದಾಗಿರಲಿ, ಅದರ ಕಪ್ತಾನನು ಏಳು ಸಮುದ್ರಗಳನ್ನು ದಾಟಿ ಬಂದ ಅನುಭವಿಯೇ ಆಗಿರಲಿ, ಹೊರಗಡಲಿನಲ್ಲಿ ನಿಂತು ಕಾಯಲೇಬೇಕು. ಬಂದರಿನ ಪೈಲಟನು ದೋಣಿಯಲ್ಲಿ ಹೋಗಿ ಹಡಗನ್ನೇರಿ ದಾರಿ ತೋರಿಸಿದ ಮೇಲೆಯೇ ಅದು ದಕ್ಕೆಯನ್ನು ಸೇರುವುದು. ಹಡಗು ಅವನದು, ನೀರು ಬಂದರಿನದು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಈ ಬಂದರಿನ ಆಸುಪಾಸಿನಲ್ಲಿ ಬೆಳೆದವರಿಗೆ ಇದು ಹೊಸ ಸಂಗತಿಯೇನಲ್ಲ.

ಹೀಗೆ ಬೆಳೆದ ತರುಣ ತರುಣಿಯರು ಉನ್ನತ ವ್ಯಾಸಂಗಕ್ಕೆಂದು ಬಸ್ಸು ಹತ್ತುವರಷ್ಟೆ. ಬಡಗು ದಿಕ್ಕಿಗೆ ಹೊರಟರೆ ಬೈಕಂಪಾಡಿ, ಕುಳಾಯಿ, ಹೊಸಬೆಟ್ಟುಗಳನ್ನು ದಾಟಿ ಸುರತ್ಕಲ್ಲು. ಅಲ್ಲಿ 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ವಿದ್ಯಾಲಯ. ತೆಂಕು ದಿಕ್ಕಿಗೆ ಹೊರಟರೆ ಕೂಳೂರಿನ ಹೊಳೆಯನ್ನೂ ನೇತ್ರಾವತಿಯನ್ನೂ ದಾಟಿ ಕೊಣಾಜೆ. ಅಲ್ಲಿ 1980ರಲ್ಲಿ ಸ್ಥಾಪನೆಗೊಂಡ ಮಂಗಳೂರು ವಿಶ್ವವಿದ್ಯಾಲಯ. ಈ ಎರಡರಲ್ಲಿ ಒಂದಾಗಲಿ, ಸಮುದ್ರದಾಚೆಯ ಮತ್ತಾವುದೋ ವಿಶ್ವವಿದ್ಯಾಲಯವಾಗಲಿ, ಇಂದಲ್ಲ ನಾಳೆ ಅವರು ಒಂದು ವಿಶಿಷ್ಟ ಬಗೆಯ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಪ್ರಸಂಗ ಬಂದೇ ಬರುತ್ತದೆ. ಯಂತ್ರ ಮೇಜಿನ ಮೇಲಿರುತ್ತದೆ. ಅದರ ಯಜಮಾನಿಕೆ ಮಾತ್ರ ಬೇರೆಲ್ಲಿಯೋ ಇರುತ್ತದೆ. ಅದರಲ್ಲಿ ಯಾವ ತಂತ್ರಾಂಶವಿರಬೇಕು, ಅದು ಯಾವ ರಾತ್ರಿ ನವೀಕರಣಗೊಳ್ಳಬೇಕು, ಯಾರು ಒಳಗೆ ಬರಬಹುದು ಎಂಬುದನ್ನೆಲ್ಲ ವಿಶ್ವವಿದ್ಯಾಲಯದ ಗಣಕ ವಿಭಾಗದವರು ತಮ್ಮ ಕೊಠಡಿಯಲ್ಲಿ ಕುಳಿತೇ ನಿರ್ಧರಿಸುತ್ತಾರೆ.

ದಕ್ಷಿಣ ಕನ್ನಡದ ಹಿರಿಯರಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು: ಇದು ಚಾಲಗೇಣಿ. 1974ರ ಭೂಸುಧಾರಣೆಗೆ ಮುಂಚೆ ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕಿದ್ದಿತು. ಚಾಲಗೇಣಿಯವನಿಗೆ ಉಳುವುದಕ್ಕೆ ಅವಕಾಶವಿದ್ದಿತೇ ಹೊರತು ನೆಲದ ಮೇಲೆ ನಂಬಿ ನಿಲ್ಲುವಂತಹ ಹಕ್ಕಿರಲಿಲ್ಲ. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ದುಡಿಯುವವನ ಸ್ಥಿತಿಯೂ ಅದೇ. ಈ ಸಂಗತಿಯನ್ನು ಮೊದಲ ದಿನವೇ ತಿಳಿದುಕೊಂಡವನು ಸುಖವಾಗಿರುತ್ತಾನೆ. ತಿಳಿಯದವನು ಮನೆಯ ಕಂಪ್ಯೂಟರಿನಂತೆಯೇ ಇದನ್ನೂ ಬಳಸಲು ಹೋಗಿ, ಎರಡನೆಯ ವಾರದಲ್ಲಿ ತಲೆಯ ಮೇಲೆ ಕೈ ಹೊತ್ತುಕೊಂಡು ಕೂರುತ್ತಾನೆ.

ಪ್ರವೇಶದ ದಿನ ವಿದ್ಯಾರ್ಥಿಗೆ ಒಂದು ಬಳಕೆಯ ಹೆಸರೂ ಒಂದು ತಾತ್ಕಾಲಿಕ ಪಾಸ್‌ವರ್ಡೂ ದೊರೆಯುತ್ತವೆ. ಮೊದಲ ಸಲ ಒಳಹೊಕ್ಕ ಕೂಡಲೆ ಆ ಪಾಸ್‌ವರ್ಡನ್ನು ಬದಲಾಯಿಸಬೇಕು. ಇಲ್ಲಿಯೇ ಅನೇಕರು ಎಡವುತ್ತಾರೆ. ಮನೆಯ ನಾಯಿಯ ಹೆಸರು, ಹುಟ್ಟಿದ ಇಸವಿ, ಊರಿನ ದೇವರ ಹೆಸರು, ಇವೆಲ್ಲ ಪರರಿಗೂ ತಿಳಿದಿರುವ ಗುಟ್ಟುಗಳು! ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಜೋಡಿಸಿಕೊಂಡರೆ ನೆನಪಿಗೂ ಸುಲಭ, ಕಳ್ಳನಿಗೂ ಕಠಿಣ.

ಈ ಪಾಸ್‌ವರ್ಡಿನ ಇತಿಹಾಸವೂ ಸ್ವಾರಸ್ಯವಾದದ್ದೇ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ನೇತೃತ್ವದಲ್ಲಿ, ಹಲವರು ಒಂದೇ ಯಂತ್ರವನ್ನು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ವ್ಯವಸ್ಥೆ ರೂಪುಗೊಂಡಿತು. ಒಬ್ಬೊಬ್ಬರ ಕಡತಗಳನ್ನು ಪ್ರತ್ಯೇಕಿಸುವುದಕ್ಕಾಗಿ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡನ್ನು ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕನಿಗೆ ತನಗೆ ಹಂಚಿದ್ದ ಸಮಯ ಸಾಲದೆ ಹೋಯಿತು. ಅವನು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸುವಂತೆ ಯಂತ್ರಕ್ಕೆ ಬೇಡಿಕೆ ಸಲ್ಲಿಸಿದ. ಯಂತ್ರವು ವಿನಯದಿಂದ ಅದನ್ನು ಮುದ್ರಿಸಿಯೂ ಕೊಟ್ಟಿತು!

ಅದೇ ಸಂಸ್ಥೆಯಲ್ಲಿ 1983ರಲ್ಲಿ ‘ಅಥೀನಾ’ ಎಂಬ ಯೋಜನೆ ಆರಂಭವಾಯಿತು. ವಿದ್ಯಾರ್ಥಿ ಯಾವ ಕಟ್ಟಡದ ಯಾವ ಯಂತ್ರದ ಮುಂದೆ ಕುಳಿತರೂ ಅವನ ಕಡತಗಳು ಅಲ್ಲಿಯೇ ಕಾಣಿಸಿಕೊಳ್ಳಬೇಕೆಂಬುದು ಅದರ ಹಂಬಲ. ಇಂದಿನ ವಿಶ್ವವಿದ್ಯಾಲಯಗಳ ಮೇಜಿನ ಕಂಪ್ಯೂಟರುಗಳೆಲ್ಲ ಆ ಯೋಜನೆಯ ವಂಶದವುಗಳೆಂದರೆ ತಪ್ಪಾಗದು. ಆಗ ಹುಟ್ಟಿದ ‘ಕರ್ಬರೋಸ್’ ಎಂಬ ದ್ವಾರಪಾಲಕ ವ್ಯವಸ್ಥೆಯನ್ನು ವಿಂಡೋಸ್ 2000ರಿಂದ ಮೈಕ್ರೋಸಾಫ್ಟ್ ಕೂಡ ಅಳವಡಿಸಿಕೊಂಡಿತು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಇದರ ಕ್ರಮ ಬಸ್ಸಿನ ಟಿಕೇಟಿನಂತೆ: ಬೆಳಿಗ್ಗೆ ಒಮ್ಮೆ ಗುರುತನ್ನು ರುಜುವಾತುಪಡಿಸಿದರೆ ಒಂದು ಚೀಟಿ ದೊರೆಯುತ್ತದೆ, ಆಮೇಲೆ ಮುದ್ರಣಯಂತ್ರಕ್ಕಾಗಲಿ ಕಡತದ ಭಂಡಾರಕ್ಕಾಗಲಿ ಹೋದಾಗ ಪಾಸ್‌ವರ್ಡಿನ ಬದಲು ಆ ಚೀಟಿಯನ್ನು ತೋರಿಸಿದರೆ ಸಾಕು. ಮೈಕ್ರೋಸಾಫ್ಟಿನ ವ್ಯವಸ್ಥೆಯಲ್ಲಿ ಇದರ ವಾಯಿದೆ ಸಾಮಾನ್ಯವಾಗಿ ಹತ್ತು ಗಂಟೆ. ಯಂತ್ರದ ಗಡಿಯಾರವು ಐದು ನಿಮಿಷಕ್ಕಿಂತ ಹೆಚ್ಚು ಹಿಂದು ಮುಂದಾದರೆ ದ್ವಾರಪಾಲಕನು ಚೀಟಿಯನ್ನು ನಂಬುವುದಿಲ್ಲ. ಪಾಸ್‌ವರ್ಡು ಸರಿಯಾಗಿದ್ದರೂ ಒಳಗೆ ಬಿಡದಿದ್ದಾಗ, ಬೈಯುವುದಕ್ಕೆ ಮುಂಚೆ ಪರದೆಯ ಮೂಲೆಯ ಗಡಿಯಾರವನ್ನೊಮ್ಮೆ ನೋಡುವುದು ಲೇಸು.

ಇನ್ನು ಬರೆದದ್ದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ. ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಪರದೆಯ ಮೇಲೆ ಕಾಣುವ ಜಾಗವೆಲ್ಲ ಒಂದೇ ಅಲ್ಲ. ಕೆಲವು ಫೋಲ್ಡರುಗಳು ಮೇಜಿನ ಮೇಲಿನ ಪೆಟ್ಟಿಗೆಯೊಳಗೇ ಇರುತ್ತವೆ. ಕೆಲವು ವಿಶ್ವವಿದ್ಯಾಲಯದ ಸರ್ವರಿನಲ್ಲಿ ಇರುತ್ತವೆ. ಸರ್ವರಿನಲ್ಲಿರುವುದಕ್ಕೆ ಸಾಮಾನ್ಯವಾಗಿ ವಿಭಾಗದವರು ನಿಯಮಿತವಾಗಿ ಪ್ರತಿ ತೆಗೆದಿಡುತ್ತಾರೆ. ಪೆಟ್ಟಿಗೆಯೊಳಗಿನದಕ್ಕೆ ಕೇಳುವವರೇ ಇಲ್ಲ. ಪ್ರಯೋಗಶಾಲೆಗಳ ಕೆಲವು ಯಂತ್ರಗಳಂತೂ ಮರುಚಾಲನೆಯಾದಾಗಲೆಲ್ಲ ಕಡಲತೀರದ ಮರಳಿನಂತೆ ಒರೆಸಿಹೋಗಿ ಮೊದಲಿನ ಸ್ಥಿತಿಗೆ ಮರಳುವಂತೆ ಏರ್ಪಡಿಸಿರುತ್ತಾರೆ. ಆರು ತಿಂಗಳು ಕುಳಿತು ಬರೆದ ಮಹಾಪ್ರಬಂಧದ ಅಧ್ಯಾಯವನ್ನು ಅಲ್ಲಿ ಬಿಟ್ಟು ಚಹಾ ಕುಡಿಯಲು ಹೋದವರು ಹಿಂತಿರುಗಿ ಬಂದಾಗ ಏನನ್ನು ಕಾಣಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ‘ನನ್ನ ಕಡತಗಳು ಯಾವ ಜಾಗದಲ್ಲಿ ಸುರಕ್ಷಿತ?’ ಎಂದು ಸಹಾಯಪೀಠದವರನ್ನು ಮೊದಲ ದಿನವೇ ಕೇಳತಕ್ಕದ್ದು. ಎದ್ದು ಹೋಗುವಾಗ ವಿಂಡೋಸ್ ಕೀಲಿಯೊಡನೆ ಎಲ್ ಅಕ್ಷರವನ್ನು ಒತ್ತಿದರೆ ಯಂತ್ರಕ್ಕೆ ಬೀಗ ಬೀಳುತ್ತದೆ.

ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು, ತಮಗೆ ಬೇಕಾದ ತಂತ್ರಾಂಶವನ್ನು ತಾವೇ ಹಾಕಿಕೊಳ್ಳುವಂತಿಲ್ಲ ಎಂಬ ಕಟ್ಟಳೆ. ‘ಆಡಳಿತಗಾರನ ಅನುಮತಿ ಬೇಕು’ ಎಂದು ಪರದೆ ಹೇಳುತ್ತದೆ. ಆ ಆಡಳಿತಗಾರನು ಕಣ್ಣಿಗೆ ಬೀಳುವವನಲ್ಲ. ಇದು ಬರಿಯ ಅಧಿಕಾರದ ಜಂಬವೇ? ಅಲ್ಲವೆಂಬುದಕ್ಕೆ ಬಂದರಿನವರೇ ಬಲ್ಲ ನಿದರ್ಶನವೊಂದುಂಟು.

2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವೈರಸ್ಸು ಯುಕ್ರೇನಿನ ಒಂದು ಲೆಕ್ಕಪತ್ರದ ತಂತ್ರಾಂಶದ ಮೂಲಕ ಹೊರಬಿದ್ದಿತು. ಒಂದು ಯಂತ್ರವನ್ನು ಹೊಕ್ಕು, ಅಲ್ಲಿ ಅಧಿಕಾರವುಳ್ಳವರ ಗುರುತನ್ನು ಕದ್ದು, ಅದನ್ನೇ ತೋರಿಸಿ ಪಕ್ಕದ ಯಂತ್ರಗಳ ಬಾಗಿಲನ್ನು ತೆರೆಸುವುದು ಅದರ ಉಪಾಯಗಳಲ್ಲಿ ಒಂದು. ಜಗತ್ತಿನ ಅತಿ ದೊಡ್ಡ ಹಡಗು ಕಂಪೆನಿಗಳಲ್ಲಿ ಒಂದಾದ ಮೇರ್ಸ್ಕಿನ ಕಂಪ್ಯೂಟರುಗಳು ಗಂಟೆಗಳಲ್ಲಿ ಕಪ್ಪಾದವು. ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಬಳಗದ ಟರ್ಮಿನಲಿನ ಕೆಲಸವೂ ಅಸ್ತವ್ಯಸ್ತವಾಯಿತು. 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಮೊದಲಿನಿಂದ ಸಜ್ಜುಗೊಳಿಸಬೇಕಾಯಿತೆಂದು ಕಂಪೆನಿಯ ಅಧ್ಯಕ್ಷರು 2018ರಲ್ಲಿ ತಿಳಿಸಿದರು. ಯಾರು ಯಾರೆಂಬ ಪಟ್ಟಿಯನ್ನಿಟ್ಟುಕೊಂಡು ದ್ವಾರಪಾಲನೆ ಮಾಡುವ ಸರ್ವರುಗಳು ಎಲ್ಲ ಕಡೆಯೂ ಅಳಿಸಿಹೋಗಿದ್ದವು. ಆಫ್ರಿಕದ ಘಾನಾ ದೇಶದಲ್ಲಿ ಮಾತ್ರ ಒಂದು ಉಳಿದಿತ್ತು. ಕಾರಣ? ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದುದಕ್ಕೆ ಒಂದು ಕಂಪೆನಿಯೇ ಸಂತೋಷಪಟ್ಟ ಸಂದರ್ಭ ಚರಿತ್ರೆಯಲ್ಲಿ ವಿರಳ.

ಹೀಗಿರುವಾಗ ಸಾವಿರಾರು ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬನಿಗೂ ಯಜಮಾನಿಕೆಯ ಕೀಲಿಯನ್ನು ಕೊಡಲು ವಿಭಾಗದವರು ಹೆದರುವುದು ಸಹಜವೇ. ರಾತ್ರಿಯ ಹೊತ್ತು ಯಂತ್ರವನ್ನು ಆರಿಸಬಾರದೆಂದು ಕೆಲವೆಡೆ ಹೇಳುವುದೂ ನವೀಕರಣಕ್ಕಾಗಿಯೇ.

ಆದರೆ ಈ ಕಟ್ಟಳೆಯ ಏಟು ಬೀಳುವುದು ಕನ್ನಡದಲ್ಲಿ ಬರೆಯುವವನಿಗೆ. ಅವನಿಗೆ ಕರ್ನಾಟಕ ಸರಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬೇಕು, ಅಥವಾ ಶೇಷಾದ್ರಿವಾಸು ಅವರ ‘ಬರಹ’ ಬೇಕು. ಎರಡನ್ನೂ ಅನುಮತಿಯಿಲ್ಲದೆ ಹಾಕಿಕೊಳ್ಳಲಾಗದು. ಭೌತಶಾಸ್ತ್ರದವರಿಗೆ ಬೇಕಾದ ತಂತ್ರಾಂಶವನ್ನು ಮೊದಲೇ ತುಂಬಿಸಿಡುವ ವಿದ್ಯಾಸಂಸ್ಥೆಗಳು, ತಾವು ನೆಲೆಸಿರುವ ನಾಡಿನ ಭಾಷೆಯನ್ನು ಬರೆಯುವ ಸಾಧನವನ್ನು ಅರ್ಜಿ ಹಾಕಿ ಪಡೆಯಬೇಕಾದ ವಸ್ತುವನ್ನಾಗಿ ಮಾಡುವುದು ಮೆಚ್ಚತಕ್ಕ ಸಂಗತಿಯಲ್ಲ.

ಅರ್ಜಿ ಮಂಜೂರಾಗುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ವಿಂಡೋಸಿನಲ್ಲಿ ಕನ್ನಡ ಕೀಲಿಮಣೆ ಅಡಕವಾಗಿಯೇ ಇದೆ. ಭಾಷೆಯ ಸೆಟ್ಟಿಂಗಿನಲ್ಲಿ ಅದನ್ನು ಸೇರಿಸಿಕೊಳ್ಳಲು ಬಹುಮಟ್ಟಿಗೆ ಯಾರ ಅಪ್ಪಣೆಯೂ ಬೇಡ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಬಹುದು. ಅದರ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ‘ನುಡಿ’ಯ ವಿನ್ಯಾಸ ಬೇರೆ, ಅದರ ಮೂಲ ಪಣಂಬೂರಿಗೆ ಹೆಚ್ಚು ದೂರವಿಲ್ಲದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರದು. ಇಂಗ್ಲಿಷಿನ ಕೀಲಿಮಣೆಯಲ್ಲಿಯೇ ಕನ್ನಡದ ಎಲ್ಲ ಗುಣಿತಾಕ್ಷರ, ಒತ್ತಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಮೂಡಿಸುವ ಜಾಣ್ಮೆ ಅದರದು.

ಹಳೆಯ ಫಾಂಟುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವುಗಳಲ್ಲಿ ಕಡತದೊಳಗೆ ಇರುವುದು ವಾಸ್ತವವಾಗಿ ಇಂಗ್ಲಿಷಿನ ಅಕ್ಷರಗಳ ಸಂಖ್ಯೆಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. ವಿಭಾಗದವರು ಒಂದು ರಾತ್ರಿ ಯಂತ್ರವನ್ನು ಹೊಸದಾಗಿ ಸಜ್ಜುಗೊಳಿಸಿದಾಗ ಫಾಂಟು ಮಾಯವಾದರೆ, ಪಂಪನ ಮೇಲಿನ ಪ್ರಬಂಧವು ಬೆಳಗಾಗುವುದರೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ, 1991ರ ಮೊದಲ ಆವೃತ್ತಿಯಿಂದಲೇ, ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನವಿದೆ. ಅದರಲ್ಲಿ ಬರೆದದ್ದು ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ. ‘ನುಡಿ’, ‘ಬರಹ’ ಎರಡರಲ್ಲಿಯೂ ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ಸೌಕರ್ಯವುಂಟು. ಪರಿವರ್ತಿಸಿದ ಬಳಿಕ ಕರಡು ತಿದ್ದುವಾಗ ಅರ್ಕಾವತ್ತುಗಳ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಅನಂತರ ಬರುತ್ತಿತ್ತು. ಯೂನಿಕೋಡಿನಲ್ಲಿ ರಕಾರವೇ ಮುಂದೆ.

ಯಂತ್ರ ಸಂಸ್ಥೆಯದಾದುದರಿಂದ ಅದರಲ್ಲಿ ನಡೆಯುವುದನ್ನು ನೋಡುವ ಅಧಿಕಾರವನ್ನೂ ಸಂಸ್ಥೆಯವರು ನಿಯಮಗಳಲ್ಲಿ ಬರೆದುಕೊಂಡಿರುತ್ತಾರೆ. ಮನೆಯ ಬ್ಯಾಂಕಿನ ವ್ಯವಹಾರ, ತಂಗಿಯ ಮದುವೆಯ ಮಾತುಕತೆಯ ಪತ್ರಗಳು ಅಲ್ಲಿ ಬೇಡ.

ವ್ಯಾಸಂಗ ಮುಗಿದ ಕೆಲಕಾಲದ ಬಳಿಕ ಖಾತೆಯನ್ನು ಮುಚ್ಚುತ್ತಾರೆ. ಎಷ್ಟು ದಿನಗಳ ಬಳಿಕ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪದವಿಪ್ರದಾನದ ನಿಲುವಂಗಿಯನ್ನು ಹೊಲಿಸುವುದಕ್ಕೆ ಮುಂಚೆಯೇ ತನ್ನ ಬರಹಗಳನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದುಕೊಂಡು, ಅವು ತೆರೆಯುತ್ತವೆಯೇ ಎಂದು ಮನೆಯ ಯಂತ್ರದಲ್ಲಿ ಪರೀಕ್ಷಿಸಬೇಕು. ವಿದ್ಯಾರ್ಥಿವೇತನಕ್ಕಾಗಲಿ ಉದ್ಯೋಗದ ಅರ್ಜಿಗಾಗಲಿ ವಿಶ್ವವಿದ್ಯಾಲಯದ ಇ-ಮೇಲ್ ವಿಳಾಸವನ್ನು ಕೊಟ್ಟಿದ್ದರೆ ಅದನ್ನೂ ಬದಲಾಯಿಸಿಕೊಳ್ಳಬೇಕು. ಸಂದರ್ಶನದ ಕರೆ ಮುಚ್ಚಿದ ಅಂಚೆಪೆಟ್ಟಿಗೆಗೆ ಬಂದು ಬಿದ್ದರೆ ಅದನ್ನು ತೆಗೆದುಕೊಡುವ ಅಂಚೆಯವನಿಲ್ಲ.