ಕರೆಯುವ ಹೆಸರು ಕೂಬಾ

ಮನೆಯಲ್ಲಿ ಕರೆಯುವ ಹೆಸರೊಂದು, ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರು ಮತ್ತೊಂದು. ಇದು ನಮ್ಮಲ್ಲಿ ಮನೆಮನೆಗೂ ಗೊತ್ತಿರುವ ಸಂಗತಿ. ಹೊರಗಡೆ ವೆಂಕಟೇಶಮೂರ್ತಿಯಾದವನು ಹೊಸ್ತಿಲು ದಾಟಿ ಒಳಗೆ ಬಂದೊಡನೆ ವೆಂಕಟು ಆಗುತ್ತಾನೆ. ಪೋಲೆಂಡ್ ದೇಶದಲ್ಲಿಯೂ ಹೀಗೆಯೇ. ಯಾಕುಬ್ ಎಂದು ನಾಮಕರಣವಾದ ಮಗುವನ್ನು ಮನೆಯವರು ‘ಕೂಬಾ’ ಎಂದು ಕರೆಯುತ್ತಾರೆ. ಈ ಕರೆಯುವ ಹೆಸರನ್ನೇ ಅಂಗಿಯ ಬೆನ್ನ ಮೇಲೆ ಬರೆಸಿಕೊಂಡು ಪರದೇಶದ ಮೈದಾನದಲ್ಲಿ ಎಂಬತ್ತು ಸಾವಿರ ಜನರೆದುರು ಆಡಿದ ಪೋಲಿಷ್ ತರುಣನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇನೆ. ಅವನ ಪೂರ್ಣ ಹೆಸರು ಯಾಕುಬ್ ಬ್ವಾಶ್ಚಿಕೋಫ್‌ಸ್ಕಿ. ಮನೆತನದ ಹೆಸರಿಗೆ ಪೋಲಿಷ್ ಲಿಪಿಯಲ್ಲಿ ಹದಿನಾಲ್ಕು ಅಕ್ಷರಗಳು. ಜರ್ಮನರ ನಾಲಗೆ ಅಷ್ಟು ದೂರ ಹೊರಳಲು ಒಪ್ಪಲಿಲ್ಲ. ಆದುದರಿಂದ 2007ರಲ್ಲಿ ಡಾರ್ಟ್‌ಮುಂಡ್ ನಗರದ ಬೊರುಸ್ಸಿಯಾ ಸಂಘವನ್ನು ಸೇರಿದ ಇಪ್ಪತ್ತೊಂದು ವರ್ಷದ ಈ ಹುಡುಗ ಅಲ್ಲಿಯೂ ಕೂಬಾ ಎಂದೇ ಹೆಸರಾದ.

ಇದರಲ್ಲೊಂದು ತಮಾಷೆಯಿದೆ. ಡಾರ್ಟ್‌ಮುಂಡ್ ಇರುವ ರೂರ್ ಪ್ರಾಂತಕ್ಕೆ ಪೋಲಿಷ್ ಹೆಸರುಗಳು ಹೊಸವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಕಲ್ಲಿದ್ದಲ ಗಣಿಗಳಲ್ಲಿ ದುಡಿಯಲು ಪೂರ್ವದ ಪೋಲಿಷ್ ಸೀಮೆಗಳಿಂದ ಲಕ್ಷಗಟ್ಟಲೆ ಜನ ವಲಸೆ ಬಂದರು. ಅವರ ಮಕ್ಕಳು ಮೊಮ್ಮಕ್ಕಳು ಗಣಿಯ ಕೆಲಸದೊಂದಿಗೆ ಕಾಲ್ಚೆಂಡಿನ ಆಟವನ್ನೂ ತಮ್ಮದಾಗಿಸಿಕೊಂಡರು. ಪಕ್ಕದ ಷಾಲ್ಕೆ ಸಂಘದ ಕೀರ್ತಿಗೆ 1930ರ ದಶಕದಲ್ಲಿ ಕಾರಣರಾದ ಕುಜೋರಾ, ಸೆಪಾನ್ ಇಬ್ಬರೂ ಅಂತಹ ವಲಸೆಗಾರ ಕುಟುಂಬಗಳವರೇ. ‘ಸ್ಕಿ’ ಎಂದು ಮುಗಿಯುವ ಹೆಸರುಗಳು ಆ ಪ್ರಾಂತದ ಬೀದಿಬೀದಿಯಲ್ಲಿವೆ. ಆದರೂ ಈ ಹೆಸರು ಮಾತ್ರ ಅವರಿಗೆ ದಕ್ಕಲಿಲ್ಲ!

ಕೂಬಾ ಹುಟ್ಟಿದ್ದು 1985ರ ಡಿಸೆಂಬರ್ 14ರಂದು, ದಕ್ಷಿಣ ಪೋಲೆಂಡಿನ ಟ್ರುಸ್ಕೊಲಾಸಿ ಎಂಬ ಹಳ್ಳಿಯಲ್ಲಿ. ಕಪ್ಪು ವರ್ಣದ ಮೇರಿಮಾತೆಯ ಚಿತ್ರಪಟಕ್ಕಾಗಿ ಹೆಸರಾದ ಯಾತ್ರಾಸ್ಥಳ ಚೆಂಸ್ಟೊಖೋವಾ ಇದಕ್ಕೆ ಸಮೀಪದ ಪಟ್ಟಣ. ಹಳ್ಳಿಯ ಇತರ ಹುಡುಗರಂತೆ ಇವನೂ ಅಣ್ಣನೊಡನೆ ಚೆಂಡಿನ ಹಿಂದೆ ಓಡುತ್ತ ಬೆಳೆಯುತ್ತಿದ್ದ. 1996ರಲ್ಲಿ, ಹತ್ತು ವರ್ಷದವನಾಗಿದ್ದಾಗ, ಇವನ ಕಣ್ಣೆದುರಿನಲ್ಲಿಯೇ ತಂದೆಯ ಕೈಯಿಂದ ತಾಯಿಯ ಕೊಲೆಯಾಯಿತು. ತಂದೆಗೆ ಹದಿನೈದು ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಸಂಗತಿಯನ್ನು ಕೂಬಾ ಬಹುಕಾಲ ಯಾರೊಡನೆಯೂ ಆಡಲಿಲ್ಲ. 2015ರಲ್ಲಿ ಪ್ರಕಟವಾದ ತನ್ನ ಜೀವನಕಥನದಲ್ಲಿ ಹೇಳಿಕೊಂಡಿದ್ದಾನೆ. ಅದಕ್ಕಿಂತ ಹೆಚ್ಚಾಗಿ ಇಲ್ಲಿ ಬಣ್ಣಿಸುವುದು ಸಲ್ಲದು.

ಎರಡು ಮಕ್ಕಳನ್ನೂ ತಾಯಿಯ ತಾಯಿ ತನ್ನ ಮಡಿಲಿಗೆ ತೆಗೆದುಕೊಂಡಳು. ಸ್ವಂತ ಮಗಳನ್ನು ಕಳೆದುಕೊಂಡ ದುಃಖವನ್ನು ಒಳಗೇ ಅದುಮಿಕೊಂಡು, ಆ ಮಗಳ ಮಕ್ಕಳಿಗೆ ಊಟ ಬಡಿಸಬೇಕು, ಬಟ್ಟೆ ಒಗೆಯಬೇಕು, ಶಾಲೆಗೆ ಕಳುಹಿಸಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಥ ಅಜ್ಜಿಯರಿದ್ದಾರೆ! ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

ಕೂಬಾ ಕೆಲವು ಕಾಲ ಚೆಂಡನ್ನು ಮುಟ್ಟಲಿಲ್ಲ. ಮತ್ತೆ ಮೈದಾನಕ್ಕೆ ಕರೆತಂದವರು ಸೋದರಮಾವ ಯೇಜಿ ಬ್ಜೆಂಚೆಕ್. ಇವರೇನೂ ಸಾಮಾನ್ಯರಲ್ಲ. 1992ರ ಬಾರ್ಸಿಲೋನ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯ ಪದಕ ಗೆದ್ದ ಪೋಲಿಷ್ ತಂಡದ ನಾಯಕರು. ಅಕ್ಕತಂಗಿಯರ ಮಕ್ಕಳ ಮೇಲೆ ಸೋದರಮಾವನಿಗಿರುವ ಹೊಣೆ ಏನೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆಗ ಅವರೂ ಹೊಟ್ಟೆಪಾಡಿಗಾಗಿ ಆಸ್ಟ್ರಿಯಾದ ಸಂಘವೊಂದರಲ್ಲಿ ಆಡುತ್ತಿದ್ದರು. ಪರದೇಶದಲ್ಲಿದ್ದುಕೊಂಡೇ ಹುಡುಗನ ಕೈಯನ್ನು ಬಿಡದೆ ಹಿಡಿದರು.

ಈ ಆಟಗಾರನ ವಿಷಯ ಬರೆಯುವವರಲ್ಲಿ ಅನೇಕರು, ದುಃಖವೇ ಇವನನ್ನು ದೊಡ್ಡ ಆಟಗಾರನನ್ನಾಗಿ ಮಾಡಿತೆಂಬ ಅರ್ಥ ಬರುವಂತೆ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಲ್ಲ. ಚೆಂಡನ್ನು ಕಾಲಿನಲ್ಲಿ ಹಿಡಿದು ಬಲಪಾರ್ಶ್ವದಲ್ಲಿ ಗಾಳಿಯಂತೆ ಓಡುವುದನ್ನು ದುಃಖ ಯಾರಿಗೂ ಕಲಿಸಿಲ್ಲ. ಮನೆಯಲ್ಲಿ ಕಾಯುವ ಅಜ್ಜಿಯೊಬ್ಬಳು, ದಾರಿ ತೋರುವ ಮಾವನೊಬ್ಬ ಇರದೆ ಹೋಗಿದ್ದರೆ ಈ ಹುಡುಗನ ಕಾಲಿನ ವೇಗ ಟ್ರುಸ್ಕೊಲಾಸಿಯ ಬಯಲಿನಲ್ಲಿಯೇ ಮುಗಿದುಹೋಗುತ್ತಿತ್ತು.

ಹತ್ತೊಂಬತ್ತನೆಯ ವಯಸ್ಸಿನವರೆಗೂ ಅವನು ಚೆಂಸ್ಟೊಖೋವಾದ ಕೆಳದರ್ಜೆಯ ಸಂಘವೊಂದರಲ್ಲಿ ಆಡುತ್ತಿದ್ದವನು. 2005ರಲ್ಲಿ ಕ್ರಾಕೋವ್ ನಗರದ ವಿಸ್ವಾ ಸಂಘ ಅವನನ್ನು ಪರೀಕ್ಷಿಸಿ ಸೇರಿಸಿಕೊಂಡಿತು. 1906ರಲ್ಲಿ ಸ್ಥಾಪನೆಯಾದ, ದೇಶದ ಅತಿ ಪ್ರಸಿದ್ಧ ಸಂಘಗಳಲ್ಲೊಂದು. ಆ ವರ್ಷವೇ ಪೋಲೆಂಡಿನ ಲೀಗ್ ಪ್ರಶಸ್ತಿ ವಿಸ್ವಾದ ಪಾಲಾಯಿತು. ಮರುವರ್ಷ ರಾಷ್ಟ್ರೀಯ ತಂಡದ ಅಂಗಿಯೂ ದೊರೆಯಿತು. ಆದರೆ ಅದೃಷ್ಟ ಅವನೊಡನೆ ಕಣ್ಣುಮುಚ್ಚಾಲೆ ಆಡುತ್ತಿತ್ತು. 2006ರ ವಿಶ್ವಕಪ್ ಬಂದಾಗ ಗಾಯ. 2008ರ ಯೂರೋಪ್ ಕಪ್ ಬಂದಾಗ ಮತ್ತೆ ಗಾಯ.

ಡಾರ್ಟ್‌ಮುಂಡಿಗೆ ಕೂಬಾ ಹೋದಾಗ ಅಲ್ಲಿಯ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. 2005ರಲ್ಲಿ ದಿವಾಳಿಯ ಅಂಚಿನಿಂದ ಹೇಗೋ ಉಳಿದ ಸಂಘ ಅದು. ಇವನ ಮೊದಲ ವರ್ಷ ಲೀಗಿನಲ್ಲಿ ಹದಿಮೂರನೆಯ ಸ್ಥಾನಕ್ಕೆ ಇಳಿಯಿತು. 2008ರಲ್ಲಿ ಯೂರ್ಗೆನ್ ಕ್ಲಾಪ್ ಎಂಬ ಉತ್ಸಾಹಿ ತರಬೇತುದಾರ ಬಂದ ಮೇಲೆ ಗಾಳಿ ತಿರುಗಿತು. ತಾರೆಗಳನ್ನು ಕೊಳ್ಳಲು ಹಣವಿಲ್ಲದ ಸಂಘದಲ್ಲಿ ಹುರುಪಿನ ತರುಣರನ್ನೇ ಕಟ್ಟಿಕೊಂಡು, ಚೆಂಡು ಕೈತಪ್ಪಿದೊಡನೆ ಹತ್ತು ಜನರೂ ಎದುರಾಳಿಯ ಮೇಲೆ ಮುಗಿಬೀಳುವ ಆಟವನ್ನು ಅವರು ರೂಢಿಸಿದರು. ಓಟವೇ ಉಸಿರಾಗಿದ್ದ ಕೂಬಾನಿಗೆ ಇದಕ್ಕಿಂತ ತಕ್ಕ ಆಟ ಬೇರೆ ಯಾವುದಿತ್ತು?

2010ರಲ್ಲಿ ಇನ್ನಿಬ್ಬರು ಪೋಲರು ಬಂದು ಸೇರಿದರು: ಬರ್ಲಿನ್ನಿನಿಂದ ವುಕಾಶ್ ಪಿಶ್ಚೆಕ್, ಪೋಜ್ನಾನ್ ನಗರದಿಂದ ರಾಬರ್ಟ್ ಲೆವಾಂಡೋಫ್‌ಸ್ಕಿ. ಬಲಭಾಗದ ರಕ್ಷಣೆಯಲ್ಲಿ ಪಿಶ್ಚೆಕ್, ಅವನ ಮುಂದೆ ಕೂಬಾ, ಗೋಲಿನ ಮುಂದೆ ಲೆವಾಂಡೋಫ್‌ಸ್ಕಿ. 2011ರಲ್ಲಿ ಡಾರ್ಟ್‌ಮುಂಡ್ ಜರ್ಮನಿಯ ಲೀಗ್ ಗೆದ್ದಿತು. 2012ರಲ್ಲಿ ಮತ್ತೆ ಗೆದ್ದಿತು. ಆ ಮೇ ತಿಂಗಳಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಕಪ್ಪಿನ ಅಂತಿಮ ಪಂದ್ಯದಲ್ಲಿ ಬಲಾಢ್ಯ ಬಾಯರ್ನ್ ಮ್ಯೂನಿಕ್ ತಂಡವನ್ನು 5-2ರಿಂದ ಮಣಿಸಿತು.

ಅದೇ ತಿಂಗಳಿನಲ್ಲಿ ಊರಿನಿಂದ ಸುದ್ದಿ ಬಂದಿತು: ತಂದೆ ತೀರಿಕೊಂಡರು. ಯೂರೋಪ್ ಕಪ್ ಪಂದ್ಯಾವಳಿ ಪೋಲೆಂಡ್ ಮತ್ತು ಯುಕ್ರೇನ್ ದೇಶಗಳಲ್ಲಿ ನಡೆಯಲು ಕೆಲವೇ ದಿನಗಳಿದ್ದುವು; ಅತಿಥೇಯ ಪೋಲೆಂಡಿನ ನಾಯಕ ಇದೇ ಕೂಬಾ. ಹೋಗುವುದೋ ಬಿಡುವುದೋ? ಹೋಗದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಅಂತ್ಯಕ್ರಿಯೆಗೆ ಹೋದ. ಕ್ಷಮಿಸಿದನೇ ಎಂಬುದು ಅವನೊಬ್ಬನಿಗೆ ಸೇರಿದ ವಿಷಯ. ಮಗನಾದವನು ಮಾಡಬೇಕಾದುದನ್ನು ಮಾಡಿ ತಂಡಕ್ಕೆ ಹಿಂದಿರುಗಿದ.

ಜೂನ್ 8ರಂದು ವಾರ್ಸಾ ನಗರದಲ್ಲಿ ಗ್ರೀಸ್ ವಿರುದ್ಧ ಮೊದಲ ಪಂದ್ಯ. ಕೂಬಾ ಬಲದಿಂದ ಹಾರಿಸಿಕೊಟ್ಟ ಚೆಂಡನ್ನು ಲೆವಾಂಡೋಫ್‌ಸ್ಕಿ ತಲೆಯಿಂದ ಗೋಲಿಗೆ ಸೇರಿಸಿದ, ಪಂದ್ಯ ಸಮವಾಯಿತು. ನಾಲ್ಕು ದಿನಗಳ ಮೇಲೆ ಅದೇ ಮೈದಾನದಲ್ಲಿ ರಷ್ಯ ಎದುರಾಳಿ. ಆ ಎರಡು ದೇಶಗಳ ನಡುವಣ ಇತಿಹಾಸ ಬಲ್ಲವರಿಗೆ ಅದು ಬರಿಯ ಆಟವಾಗಿರಲಿಲ್ಲ. ಮೊದಲರ್ಧದಲ್ಲಿ ರಷ್ಯ ಗೋಲು ಹೊಡೆದು ಮುಂದಿತ್ತು. ಐವತ್ತೇಳನೆಯ ನಿಮಿಷ. ಚೆಂಡು ಬಲಭಾಗದಲ್ಲಿ ಕೂಬಾನಿಗೆ ದೊರೆಯಿತು. ಹೊರಗಡೆಗೆ ಓಡುವನೆಂದು ರಕ್ಷಕ ಎಣಿಸಿದ. ಇವನು ಒಳಕ್ಕೆ ತಿರುಗಿ, ತನ್ನದಲ್ಲದ ಎಡಗಾಲಿನಿಂದ ಬಾರಿಸಿದ. ಚೆಂಡು ಗೋಲಿನ ಆಚೆಯ ಮೂಲೆಯನ್ನು ಸೇರಿತು. ಇಡೀ ಮೈದಾನ ಎದ್ದು ನಿಂತಿತು. ಗೋಲು ಹೊಡೆದಾಗಲೆಲ್ಲ ಕೈಗಳನ್ನು ಆಕಾಶದತ್ತ ಎತ್ತಿ ತಾಯಿಯನ್ನು ನೆನೆಯುವುದು ಅವನ ವಾಡಿಕೆ.

ಮುಂದಿನ ಪಂದ್ಯದಲ್ಲಿ ಪೋಲೆಂಡ್ ಜೆಕ್ ತಂಡಕ್ಕೆ ಸೋತು ಹೊರಬಿದ್ದಿತು. ಮರುವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯದಲ್ಲಿ ಡಾರ್ಟ್‌ಮುಂಡ್ ಕೊನೆಯ ಗಳಿಗೆಯಲ್ಲಿ ಬಾಯರ್ನ್ ತಂಡಕ್ಕೆ 2-1ರಿಂದ ಸೋತಿತು. 2014ರ ಜನವರಿಯಲ್ಲಿ ಮೊಣಕಾಲಿನ ಸ್ನಾಯುಬಂಧ ಹರಿದು ಕೂಬಾ ಬಹುಕಾಲ ಮಲಗಿದ. ಆ ನಡುವೆ ರಾಷ್ಟ್ರೀಯ ತಂಡದ ನಾಯಕತ್ವ ಲೆವಾಂಡೋಫ್‌ಸ್ಕಿಗೆ ಹೋಯಿತು. ಗಾಯಗೊಂಡವನ ಸ್ಥಾನ ಖಾಲಿ ಇರುವುದಿಲ್ಲ. ವೃತ್ತಿಯ ಕ್ರೌರ್ಯವೇ ಅದು. ಇಟಲಿಯ ಫ್ಲಾರೆನ್ಸ್, ಮತ್ತೆ ಜರ್ಮನಿಯ ವೋಲ್ಫ್ಸ್‌ಬುರ್ಗ್ ಎಂದು ಊರೂರು ಅಲೆದ. 2016ರ ಯೂರೋಪ್ ಕಪ್ಪಿನಲ್ಲಿ ಎರಡು ಗೋಲು ಹೊಡೆದು ತಂಡವನ್ನು ಎಂಟರ ಘಟ್ಟಕ್ಕೆ ತಲುಪಿಸಿದವನೂ ಅವನೇ. ಅಲ್ಲಿ ಪೋರ್ಚುಗಲ್ ವಿರುದ್ಧ ಪೆನಾಲ್ಟಿ ಹೊಡೆತ ತಪ್ಪಿಸಿಕೊಂಡವನೂ ಅವನೇ.

2018ರ ಕೊನೆಯಲ್ಲಿ ಕ್ರಾಕೋವಿನ ವಿಸ್ವಾ ಮುಳುಗುವ ಸ್ಥಿತಿಗೆ ಬಂದಿತು. ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಕೊಳ್ಳುತ್ತೇವೆಂದು ಬಂದವರು ಹಣ ಕಟ್ಟಲಿಲ್ಲ. ಆಡುವ ಪರವಾನಗಿಯೂ ಅಮಾನತಿನಲ್ಲಿತ್ತು. 2019ರ ಆರಂಭದಲ್ಲಿ ಕೂಬಾ ಇನ್ನಿಬ್ಬರು ಉದ್ಯಮಿಗಳೊಡನೆ ಸೇರಿ ಸಂಘಕ್ಕೆ ನಲವತ್ತು ಲಕ್ಷ ಜ್ವಾಟಿ ಸಾಲ ಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ತಾನೇ ಬಂದು ಆಡತೊಡಗಿದ, ತಿಂಗಳಿಗೆ ಐನೂರು ಜ್ವಾಟಿ ಸಂಬಳಕ್ಕೆ. ನಿಯಮದಂತೆ ಏನಾದರೂ ಕೊಡಲೇಬೇಕಲ್ಲ, ಅದಕ್ಕಾಗಿ. ಆ ಹಣವೂ ಅನಾಥಾಲಯದ ಮಕ್ಕಳಿಗೆ ಪಂದ್ಯದ ಟಿಕೆಟ್ಟುಗಳಾಗಿ ಹೋಯಿತು. ನಾವು ಋಣವೆನ್ನುವುದಕ್ಕೆ ಪೋಲಿಷ್ ಭಾಷೆಯಲ್ಲಿ ಯಾವ ಶಬ್ದವಿದೆಯೋ!

ಆ ಕಥೆಗೆ ಸಿನಿಮಾದ ಮುಕ್ತಾಯ ಸಿಕ್ಕಲಿಲ್ಲ. 2022ರಲ್ಲಿ ವಿಸ್ವಾ ಕೆಳದರ್ಜೆಗೆ ಬಿದ್ದಿತು. ಆಗ ತಂಡದ ತರಬೇತುದಾರ ಬೇರೆ ಯಾರೂ ಅಲ್ಲ, ಸೋದರಮಾವ ಬ್ಜೆಂಚೆಕ್.

2023ರ ಜೂನ್ 16ರಂದು ವಾರ್ಸಾದಲ್ಲಿ ಪೋಲೆಂಡ್ ತಂಡ ಜರ್ಮನಿಯನ್ನು ಎದುರಿಸಿತು. ಅದು ಕೂಬಾನ ನೂರೊಂಬತ್ತನೆಯ, ಕಡೆಯ ಅಂತರರಾಷ್ಟ್ರೀಯ ಪಂದ್ಯ. ಅಂಗಿಯ ಸಂಖ್ಯೆ ಹದಿನಾರು. ಹದಿನಾರು ನಿಮಿಷ ಆಡಿ ಹೊರನಡೆದ. ಪೋಲರೂ ಜರ್ಮನರೂ ಎರಡು ಸಾಲಾಗಿ ನಿಂತು ದಾರಿ ಬಿಟ್ಟರು. ಆ ಸಾಲುಗಳ ನಡುವೆ ಸಾಗುತ್ತಿದ್ದವನ ಬೆನ್ನ ಮೇಲೆ ಅಂದು ಇದ್ದುದು ಕರೆಯುವ ಹೆಸರಲ್ಲ, ಹದಿನಾಲ್ಕು ಅಕ್ಷರಗಳ ಮನೆತನದ ಹೆಸರು.